ಬೆಂಕಿಗೆ ಮೊದಲು ಒಂದು ಮುಷ್ಟಿ

ನನ್ನ ಅಜ್ಜಿ ಎಮಿಲಿಯಾ ಅಬುಧಾಬಿಯ ಬನಿಯಾಸಿನ ಕ್ಲಿನಿಕ್ಕೊಂದರಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದಳು. ಅರವತ್ತೈದು ತುಂಬಿದ ದಿನ ಅವಳ ಕೈಗೆ ಒಂದು ಕೇಕು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರವನ್ನು ಅಲ್ಲೇ ನೆಲ ಒರೆಸುವ ಹೆಂಗಸಿಗೆ ಕೊಟ್ಟು ಬಂದಳು.

"ಇನ್ನು ನಿನಗೆ ಗಂಟೆ ನೋಡುವ ಕೆಲಸ ಇಲ್ಲ ಅಂತ ಹೇಳ್ಲಿಕ್ಕೆ ಗಡಿಯಾರ ಕೊಡುವುದಾ? ಎಂತ ಜನ ಮಾರಾಯ್ತಿ!"

ಅಜ್ಜ ಶಾಲಾ ಬಸ್ಸಿನ ಡ್ರೈವರ್. ಹತ್ತೊಂಬತ್ತು ವರ್ಷ ಓಡಿಸಿದ ಬಸ್ಸನ್ನು ಶಾಲೆಯವರು ಹರಾಜಿಗಿಟ್ಟಾಗ ಅವನೇ ಕೊಂಡುಕೊಂಡ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಉಳ್ಳಾಲದ ಫೈಝಲ್ ಅದರ ಹಳದಿ ಬಣ್ಣ ಕೆರೆದು ನೀಲಿ ಬಳಿದು, ಒಳಗೆ ಒಂದು ಮಂಚ, ಒಂದು ಸಿಂಕು, ಎರಡು ಬರ್ನರಿನ ಒಲೆ, ತಲೆಯ ಮೇಲೆ ಸೋಲಾರ್ ಹಲಗೆ ಕೂರಿಸಿದ. ಕಿತ್ತ ಜೋಡಿ ಸೀಟುಗಳಲ್ಲಿ ನಾಲ್ಕನ್ನು ಅಜ್ಜ ಎಸೆಯಲು ಬಿಡಲಿಲ್ಲ. ಕಬ್ಬಿಣದ ಕಾಲು ಹಾಕಿಸಿ, ಹೊರಗೆ ಕೂರಲು ಬೆಂಚು ಮಾಡಿಸಿದ. ನಿವೃತ್ತಿಯಾದ ಮೇಲೆ ಪ್ರತಿ ಚಳಿಗಾಲ ಮರಳಿನ ಮೇಲೆ ಕಳೆಯುವುದೆಂದು ಅವರಿಬ್ಬರ ಒಪ್ಪಂದ. ಮೊದಲ ಚಳಿಗಾಲಕ್ಕೆ ಮೂರು ತಿಂಗಳಿರುವಾಗ ಅಜ್ಜ ತೀರಿಹೋದ.

"ಬಸ್ಸು ಮಾರುವ ಅಮ್ಮಾ," ಎಂದ ಅವಳ ಮಗ, ಎಂದರೆ ನನ್ನ ಪಪ್ಪ, ಪ್ರಿಯನ್. ಅವನ ಫ್ಲ್ಯಾಟಿನಲ್ಲಿ ಅಮ್ಮನಿಗೆಂದು ಒಂದು ಕೋಣೆ ಖಾಲಿ ಮಾಡಿಸಿ, ಹೊಸ ಪರದೆ ಕೂಡ ಹಾಕಿಸಿದ್ದ.

ಅಜ್ಜಿ ಪರ್ಸಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಸಣ್ಣ ಬಸ್ಸು ಓಡಿಸುವ ಲೈಸೆನ್ಸು. ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಪಾಸಾದದ್ದು. ಅವಳು ಯಾವಾಗ ಕಲಿತಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ದುಬೈ ದಾಟಿ ಅಬುಧಾಬಿ ಕಡೆಗೆ ಹೋಗುವ ಹೆದ್ದಾರಿಯಿಂದ ಎಡಕ್ಕೆ ತಿರುಗಿದರೆ, ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲೊಂದು ಊರು ಏಳುತ್ತದೆ, ಏಪ್ರಿಲ್‌ನಲ್ಲಿ ಇಲ್ಲವಾಗುತ್ತದೆ. ನಲವತ್ತು ಚಿಲ್ಲರೆ ಕ್ಯಾರವಾನುಗಳು. ದೂರದಿಂದ ನೋಡಿದರೆ ಮೊಟ್ಟೆಯಿಡಲು ದಡಕ್ಕೆ ಬಂದ ದೊಡ್ಡ ಆಮೆಗಳು ಬೆನ್ನು ಕಾಯಿಸುತ್ತಾ ಮಲಗಿದಂತೆ ನನಗೆ ಕಾಣುತ್ತಿತ್ತು. ನಾನು ದುಬೈಯ ನೈಫ್‌ನ ಒಂದು ಟ್ರೇಡಿಂಗ್ ಆಫೀಸಿನಲ್ಲಿ ವಾರವಿಡೀ ಬಿಲ್ಲು ಟೈಪು ಮಾಡಿ, ಶುಕ್ರವಾರ ಸಂಜೆ ಆ ಆಮೆಗಳ ಕಡೆಗೆ ಓಡುತ್ತಿದ್ದೆ.

ಒಂದು ಸಾಲು ನಮ್ಮವರದ್ದು. ಹನ್ನೊಂದು ಕ್ಯಾರವಾನು. ಎಲ್ಲರೂ ನಮ್ಮ ಕರಾವಳಿಯ ಕ್ರೈಸ್ತರು, ಎಲ್ಲರೂ ಈ ದೇಶದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ತಮಗೆ ತಾವು ಸಂಧ್ಯಾ ಬಳಗ ಎಂದು ಹೆಸರಿಟ್ಟುಕೊಂಡಿದ್ದರು. ಇಡೀ ಸಾಲನ್ನು ತನ್ನ ಹೆಸರಿನಲ್ಲಿ ಗುತ್ತಿಗೆ ಹಿಡಿದವರು ರೂಬೆನ್ ಸಾಲಿನ್ಸ್. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಊರಿನ ಚರ್ಚಿನ ಸಭೆಯಲ್ಲಿ ಹಿರಿಯರು. ಮಂಗಳವಾರ ಹೌಸಿ, ಗುರುವಾರ ಬಾರ್ಬೆಕ್ಯೂ, ಶುಕ್ರವಾರ ಅವರ ದೊಡ್ಡ ಕ್ಯಾರವಾನಿನೊಳಗೆ ಹಾಡು ಮತ್ತು ಬೈಬಲ್ ವಾಕ್ಯ, ಭಾನುವಾರ ಎಲ್ಲರೂ ಜೆಬೆಲ್ ಅಲಿಯ ಚರ್ಚಿಗೆ. ವೇಳಾಪಟ್ಟಿ ಅವರದೇ, ಲ್ಯಾಮಿನೇಟ್ ಮಾಡಿಸಿ ಪ್ರತಿ ಬಾಗಿಲಿಗೂ ಅಂಟಿಸಿದ್ದರು.

ಎರಡನೆಯ ವಾರ ಅಜ್ಜಿ ಆ ವೇಳಾಪಟ್ಟಿಯ ಎದುರು ನಿಂತು ಕೇಳಿದಳು, "ಸಾಲಿನ್ಸ್ರೇ, ಇದರಲ್ಲಿ ಕೆಲಸ ಎಲ್ಲುಂಟು?"

"ಕೆಲಸವಾ?" ಸಾಲಿನ್ಸ್ ನಕ್ಕರು. "ಎಮಿಲಿಯಕ್ಕ, ನಾವು ಕೆಲಸ ಮುಗಿಸಿ ಬಂದವರು. ಸೃಷ್ಟಿ ಮಾಡಿದ ದೇವರೇ ಏಳನೇ ದಿನ ಕೂತ."

"ಏಳನೇ ದಿನ ಕೂತದ್ದು ಹೌದು. ಎಂಟನೇ ದಿನವೂ ಕೂತೇ ಇದ್ದ ಅಂತ ಎಲ್ಲಿ ಹೇಳಿದೆ?"

"ನೀವು ರಿಟೈರ್ ಆದವರು ಅಕ್ಕ."

"ರಿಟೈರ್ ಮಾಡಿದ್ದು ಕ್ಲಿನಿಕ್ಕಿನವರು. ಕರ್ತರಿಂದ ನನಗೆ ಇನ್ನೂ ಲೆಟರ್ ಬರಲಿಲ್ಲ."

ಮರುದಿನ ಅವಳು ಹನ್ನೊಂದು ಹಾಲುಪುಡಿ ಡಬ್ಬಿಗಳನ್ನು ತೊಳೆದು ಒಣಗಿಸಿದಳು. ಹತ್ತನ್ನು ಮನೆಮನೆಗೆ ಹಂಚಿದಳು, ಒಂದನ್ನು ತಾನಿಟ್ಟುಕೊಂಡಳು.

ಹಿಡಿಯಕ್ಕಿಯ ಕತೆ ನನಗೆ ಹೊಸತಲ್ಲ. ಅನ್ನದ ಜೊತೆ ಕಲಸಿ ಅಜ್ಜಿ ನನಗೆ ತಿನ್ನಿಸಿದ ಕತೆ ಅದು. ಅವಳ ಅಜ್ಜಿಯ ಕಾಲದಲ್ಲಿ ಮಿಶನ್ ಕಂಪೌಂಡಿನ ಹೆಂಗಸರ ಕೈಯಲ್ಲಿ ಕಾಸಿರಲಿಲ್ಲ. ಅಕ್ಕಿ ಇತ್ತು, ಅದೂ ಅಳತೆಯದ್ದು. ಹಾಗಾಗಿ ಒಲೆಗೆ ಬೆಂಕಿ ಹಚ್ಚುವ ಮೊದಲು ಅಳೆದ ಅಕ್ಕಿಯಿಂದ ಒಂದು ಮುಷ್ಟಿ ತೆಗೆದು ಬೇರೆ ಗಡಿಗೆಗೆ ಹಾಕುವುದು. ವಾರಕ್ಕೊಮ್ಮೆ ಗಡಿಗೆಗಳೆಲ್ಲ ಒಂದಾಗಿ, ದಿಕ್ಕಿಲ್ಲದವರ ಒಲೆಗೆ ಹೋಗುವುದು. ಒಬ್ಬಳು ಜಿಪುಣಿ ಅತ್ತೆ ಇದ್ದಳಂತೆ. ಮುಷ್ಟಿ ಚಿಕ್ಕದಾಗಲಿ ಎಂದು ಊರೆಲ್ಲ ಹುಡುಕಿ ಸಣ್ಣ ಕೈಯ ಸೊಸೆಯನ್ನು ತಂದಳಂತೆ. ಸೊಸೆ ಬಂದವಳೇ ಎರಡೂ ಕೈಯಿಂದ ಬೊಗಸೆ ತುಂಬಿ ತೆಗೆದಳಂತೆ. "ನನ್ನ ಕೈ ಸಣ್ಣದಲ್ವಾ ಅತ್ತೆ, ಒಂದು ಸಾಲುವುದಿಲ್ಲ" ಎಂದಳಂತೆ. ಆ ಸೊಸೆ ನಮ್ಮ ವಂಶದವಳೇ ಎಂದು ಅಜ್ಜಿ ಪ್ರತಿಸಲ ಆಣೆ ಹಾಕಿ ಹೇಳುತ್ತಿದ್ದಳು.

"ಆದರೆ ಇಲ್ಲಿ ದಿಕ್ಕಿಲ್ಲದವರು ಯಾರಿದ್ದಾರೆ ಎಮಿಲಿಯಾ?" ಪಕ್ಕದ ಕ್ಯಾರವಾನಿನ ಅಮ್ಮಣ್ಣಿ ಟೀಚರ್ ಡಬ್ಬಿ ಹಿಡಿದುಕೊಂಡೇ ಕೇಳಿದರು. ಅಜ್ಜಿಗೆ ಈ ಸಾಲಿನಲ್ಲಿದ್ದ ಒಬ್ಬಳೇ ಜೀವದ ಗೆಳತಿ ಅವರು.

ಅಜ್ಜಿ ಗದ್ದದಿಂದ ತೋರಿಸಿದಳು. ಕ್ಯಾಂಪಿನ ಹಿಂಬದಿಯಲ್ಲಿ ಎರಡು ಟ್ಯಾಂಕರುಗಳು ನಿಂತಿದ್ದವು. ಒಂದು ನೀರು ತುಂಬಿಸುವುದು, ಇನ್ನೊಂದು ನಮ್ಮ ಪಾಯಿಖಾನೆಗಳ ಹೊಲಸು ಎಳೆದುಕೊಂಡು ಹೋಗುವುದು. ಶನಿವಾರ ಬೆಳಿಗ್ಗೆ ಆರು ಜನ ಬರುತ್ತಾರೆ. ಕೆಲಸ ಮುಗಿದ ಮೇಲೆ ಟ್ಯಾಂಕರಿನ ನೆರಳಿನಲ್ಲಿ ನಿಂತುಕೊಂಡು, ನಿಂತುಕೊಂಡೇ, ಪ್ಲಾಸ್ಟಿಕ್ ಚೀಲದಿಂದ ರೊಟ್ಟಿ ತಿನ್ನುತ್ತಾರೆ.

"ಅವರಿಗೆ ಸಂಬಳ ಉಂಟಲ್ಲ," ಎಂದರು ಟೀಚರ್.

"ಉಂಟು. ಕೂರ್ಲಿಕ್ಕೆ ಜಾಗ ಇಲ್ಲ."

ಮೊದಲ ಶನಿವಾರ ಅಜ್ಜಿ ಸೋತಳು. ಹನ್ನೊಂದು ಮನೆಯ ಅಕ್ಕಿ ಒಂದೇ ಪಾತ್ರೆಗೆ ಬಿದ್ದಿತ್ತು. ಒಬ್ಬರದು ಬಾಸುಮತಿ, ಒಬ್ಬರದು ಸೋನಾ ಮಸೂರಿ, ಒಬ್ಬರದು ಡಯಾಬಿಟಿಸ್‌ಗೆಂದು ತಂದ ಕಂದು ಅಕ್ಕಿ, ಮೂರು ಮನೆಯದು ಊರಿನ ಕುಚ್ಚಲಕ್ಕಿ. ಬಾಸುಮತಿ ಕರಗಿ ಅಂಟಾಯಿತು. ಕುಚ್ಚಲಕ್ಕಿ ಅದರ ನಡುವೆ ಕಲ್ಲಿನಂತೆ ಉಳಿಯಿತು. ಆರು ಜನ ಶಾಲಾ ಬಸ್ಸಿನ ಸೀಟುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿ ಕೂತು, ಮರ್ಯಾದೆಗೆ ನುಂಗಿದರು. ಪೇಶಾವರದ ಮುದುಕ ಡ್ರೈವರ್ ಮಾತ್ರ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಕಾಯಿಲೆಯವರಿಗೆ ಕೊಡುವ ಊಟವೇ ಎಂದು ಹಿಂದಿಯಲ್ಲಿ ಕೇಳಿದ.

"ಹೌದಪ್ಪ," ಅಜ್ಜಿ ಅದೇ ಹಿಂದಿಯಲ್ಲಿ ಉತ್ತರಿಸಿದಳು. "ನರ್ಸ್ ಕೈಯ ಅಡುಗೆ ಮತ್ತೆ ಹೇಗಿರ್ತದೆ?"

ಆರೂ ಜನ ನಕ್ಕರು. ಸಾಲಿನ ಆ ತುದಿಯಲ್ಲಿ ಕಾಫಿ ಕುಡಿಯುತ್ತಿದ್ದ ಸಾಲಿನ್ಸ್ ಕೂಡ ನಕ್ಕರು; ಅವರ ನಗು ಬೇರೆ.

ಮುಂದಿನ ವಾರದಿಂದ ಕುಚ್ಚಲಕ್ಕಿ, ಕಂದು ಅಕ್ಕಿ ಮೊದಲು ಒಲೆಗೆ, ಮುಕ್ಕಾಲು ಗಂಟೆ ಕಳೆದ ಮೇಲೆ ಬಿಳಿಯದು. ಗಂಜಿಯ ಜೊತೆ ಒಣ ಸೀಗಡಿಯ ಚಟ್ನಿ, ಮಾವಿನ ಮಿಡಿ, ನಂಜಿಕೊಳ್ಳಲು ಹುರಿದ ಮೆಣಸು. ಮೂರನೆಯ ಶನಿವಾರ ಪೇಶಾವರದ ಮುದುಕ ಎರಡು ಸಲ ಬಡಿಸಿಕೊಂಡ. ನಮ್ಮ ಸಾಲಿನ ಇಬ್ಬರು ಗಂಡಸರು ತಮ್ಮ ಬಟ್ಟಲು ಹಿಡಿದು ಬಂದು ಅವರ ಪಕ್ಕ ಕೂತರು. ಅಮ್ಮಣ್ಣಿ ಟೀಚರ್ ನೇಪಾಳದ ಹುಡುಗನೊಬ್ಬನಿಗೆ ಕನ್ನಡ ಅಂಕಿ ಕಲಿಸಲು ಶುರುಮಾಡಿದರು. ಯಾರೂ ಯಾರಿಗೂ ಪ್ರಾರ್ಥನೆ ಹೇಳಿಕೊಡಲಿಲ್ಲ. ಅಜ್ಜಿ ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಕಣ್ಣು ಮುಚ್ಚುತ್ತಿದ್ದಳು; ಮುದುಕ ತನ್ನ ಬಟ್ಟಲಿನ ಮೇಲೆ ತನ್ನ ಮಾತು ಹೇಳಿಕೊಳ್ಳುತ್ತಿದ್ದ. ಅಷ್ಟೆ.

ನಾಲ್ಕನೆಯ ಶನಿವಾರ ಸಾಲಿನ್ಸರ ಹಳೆಯ ಬ್ಯಾಂಕಿನಿಂದ ಅತಿಥಿಗಳು ಬಂದರು. ಅವರಿಗೆಂದು ಬಿಳಿ ಬಟ್ಟೆ ಹಾಸಿದ ಮೇಜು, ಜ್ಯೂಸು, ಕೇಕು. ಇಪ್ಪತ್ತು ಹೆಜ್ಜೆ ಆಚೆ ನಮ್ಮ ಬೆಂಚು. ಅತಿಥಿಗಳಲ್ಲಿ ಒಬ್ಬ ತಂಪು ಕನ್ನಡಕ ತೆಗೆದು, "ಸಾಲಿನ್ಸ್, ಇವರೂ ನಿಮ್ಮ ಮೆಂಬರ್ಸಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಸಾಲಿನ್ಸ್ ನಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಟ್ರಾಲಿಯ ಮೇಲೆ ಒಂದು ಮೂಟೆ ತಳ್ಳಿಕೊಂಡು ಅಜ್ಜಿಯ ಬಸ್ಸಿನ ಎದುರು ಬಂದರು. ಇಪ್ಪತ್ತು ಕಿಲೋ ಬಾಸುಮತಿ. ಆ ದಿನ ಆಫೀಸಿಗೆ ರಜೆಯಿದ್ದುದರಿಂದ ನಾನೂ ಅಲ್ಲಿದ್ದೆ.

"ಎಮಿಲಿಯಕ್ಕ, ಇದು ನನ್ನ ಲೆಕ್ಕದಲ್ಲಿ. ಎಲ್ಲರ ಮನೆಗೆ ಹೋಗಿ ಮುಷ್ಟಿ ಮುಷ್ಟಿ ಎತ್ತುವುದು ಯಾಕೆ? ಡಬ್ಬಿಗಳನ್ನು ಒಳಗಿಡಿ. ಇದನ್ನು ಒಂದು ಹೋಟೆಲಿಗೆ ಕೊಡುವ. ಅವರು ಬಿರಿಯಾನಿ ಮಾಡಿ ಪಾರ್ಸೆಲ್ ಕಟ್ಟಿ ಕೊಡ್ತಾರೆ. ಗೇಟಿನ ಹತ್ರ ಹಂಚಿದರಾಯ್ತು. ಗೌರವವಾಗಿ."

"ಗೇಟಿನ ಹತ್ರ ಕೊಡುವುದು ಬೆಕ್ಕಿಗೆ."

"ಅಕ್ಕ, ಹಾಗಲ್ಲ. ಬಿರಿಯಾನಿ ನಿಮ್ಮ ಗಂಜಿಗಿಂತ ಒಳ್ಳೇದಲ್ವಾ ಅವರಿಗೆ?"

"ಒಳ್ಳೇದೇ. ಹಾಗಾದ್ರೆ ಬಿರಿಯಾನಿಯನ್ನೇ ತನ್ನಿ. ತಂದು ಅವರ ಪಕ್ಕ ಕೂತು ನೀವೂ ತಿನ್ನಿ."

ಸಾಲಿನ್ಸ್ ಟ್ರಾಲಿಯ ಹಿಡಿಕೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿದರು. "ನೋಡಿ, ಈ ದೇಶದಲ್ಲಿ ಅನುಮತಿ ಇಲ್ಲದೆ ಚಂದಾ ಎತ್ತುವ ಹಾಗಿಲ್ಲ. ನಿಮಗೆ ಗೊತ್ತಿಲ್ಲದ್ದಲ್ಲ. ನಾಳೆ ಯಾರಾದರೂ ಕೇಳಿದರೆ ಹೆಸರು ನನ್ನದು."

ಆ ಮಾತು ಅಜ್ಜಿಯನ್ನು ತಟ್ಟಿತು. ಮೂವತ್ತನಾಲ್ಕು ವರ್ಷ ಒಂದು ಪಾರ್ಕಿಂಗ್ ದಂಡ ಕೂಡ ಕಟ್ಟದವಳು ಅವಳು. ಆ ಹೊತ್ತಿಗೆ ನೀರಿನ ಪೈಪು ನೋಡಲು ಬಂದ ಕ್ಯಾಂಪಿನ ಸೂಪರ್‌ವೈಸರ್ ಶಾಹುಲ್ ಹಮೀದ್‌ನನ್ನು ಕರೆದಳು. ಅವನೂ ನಮ್ಮ ಊರಿನ ಕಡೆಯ ಬ್ಯಾರಿ, ಬಿ.ಸಿ.ರೋಡಿನವನು.

"ಹಮೀದಾ, ಸತ್ಯ ಹೇಳು. ನಾನು ಡಬ್ಬಿ ಕೊಟ್ಟು ಅಕ್ಕಿ ಎತ್ತುವುದು ತಪ್ಪಾ?"

ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಮನೆ ಮನೆಗೆ ಡಬ್ಬಿ ಇಟ್ಟು ಎತ್ತಿದ್ರೆ ಅದು ಕಲೆಕ್ಷನ್ ಅಂತ ಆಗ್ತದಮ್ಮ. ಅದು ಬೇಡ. ಆದ್ರೆ ನಿಮ್ಮ ಮನೆಗೆ ಬಂದವರಿಗೆ ನೀವು ಊಟ ಹಾಕ್ಲಿಕ್ಕೆ ಯಾವ ಪರ್ಮಿಟ್? ಅದಕ್ಕೆಲ್ಲ ಪರ್ಮಿಟ್ ಬೇಕು ಅಂದ್ರೆ ನನ್ನ ಉಮ್ಮ ಎಂದೋ ಜೈಲಿಗೆ ಹೋಗ್ಬೇಕಿತ್ತು."

"ಖಲಾಸ್. ಡಬ್ಬಿ ಬೇಡ," ಎಂದಳು ಅಜ್ಜಿ. "ಇನ್ನು ಯಾರ ಮನೆಗೂ ನಾನು ಬರುವುದಿಲ್ಲ. ಶನಿವಾರ ಬೆಳಿಗ್ಗೆ ನನ್ನ ಒಲೆ ಉರೀತದೆ. ಬರುವವರು ತಮ್ಮ ಮುಷ್ಟಿ ತಾವೇ ತಂದು ಪಾತ್ರೆಗೆ ಹಾಕಿ, ಕೂತು ಉಣ್ಣಲಿ. ಆಯ್ತಾ ಸಾಲಿನ್ಸ್ರೇ? ಕಾನೂನೂ ಆಯ್ತು, ಗಂಜಿಯೂ ಆಯ್ತು."

ಕಾನೂನಿನ ನೆಪ ಕೈಬಿಟ್ಟಾಗ ಸಾಲಿನ್ಸರ ಬಾಯಿಂದ ನಿಜ ಹೊರಬಂತು. "ಅಕ್ಕ, ಹೊಲಸಿನ ಟ್ಯಾಂಕರಿನವರು ನಮ್ಮ ಸಾಲಿನಲ್ಲಿ ಕೂರುವುದು ಬೇಡ. ಜನ ಇಲ್ಲಿಗೆ ಬಂದದ್ದು ಜೀವನದ ಕೊನೆಯ ನಾಲ್ಕು ದಿನ ಚಂದ ಕಳೀಲಿಕ್ಕೆ. ಶನಿವಾರ ಒಂಬತ್ತು ಗಂಟೆಗೆ ಮೀಟಿಂಗ್. ಬಳಗ ಬೇಡ ಅಂದ ಮೇಲೂ ನೀವು ಒಲೆ ಹಚ್ಚಿದ್ರೆ, ಹನ್ನೆರಡು ಗಂಟೆಗೆ ಬಸ್ಸು ಈ ಸಾಲಿಂದ ಹೊರಗೆ. ನಿಮ್ಮ ಮಗನಿಗೂ ಫೋನ್ ಮಾಡ್ತೇನೆ."

"ಮಾಡಿ. ಮೂಟೆ ತಕ್ಕೊಂಡು ಹೋಗಿ."

"ಅಕ್ಕಿ ಅಕ್ಕಿಯೇ ಅಲ್ವಾ? ಮೂಟೆ ಯಾಕೆ ಬೇಡ?"

"ಇದು ನಿಮ್ಮ ಪಾತ್ರೆಯಿಂದ ಬಂದದ್ದಲ್ಲ. ನಿಮಗೆ ಇದರಿಂದ ಒಂದು ತುತ್ತು ಕಮ್ಮಿ ಆಗುವುದಿಲ್ಲ. ನನ್ನ ಬಾಯಿ ಮುಚ್ಚಿಸ್ಲಿಕ್ಕೆ ತಂದ ಅಕ್ಕಿ ನನ್ನ ಒಲೆಯಲ್ಲಿ ಬೇಯುವುದಿಲ್ಲ."

ಟ್ರಾಲಿ ಮರಳಿನಲ್ಲಿ ಹೂತುಹೋಗಿತ್ತು. ಸಾಲಿನ್ಸರು ಎಳೆದರು, ಬರಲಿಲ್ಲ. ಅಜ್ಜಿಯೇ ಹೋಗಿ ಹಿಂದಿನಿಂದ ತಳ್ಳಿಕೊಟ್ಟಳು.

ಗುರುವಾರ ಪಪ್ಪನ ಫೋನು. "ಟೀನಾ, ನೀನಾದ್ರೂ ಹೇಳು ಅವಳಿಗೆ. ಸಾಲಿನ್ಸ್ ಅಂಕಲ್ ಜಾಗ ಬಿಡಿಸಿದ್ರೆ ಊರಿಡೀ ಗೊತ್ತಾಗ್ತದೆ."

"ಪಪ್ಪಾ, ಶೀ ವೋಂಟ್ ಲಿಸನ್."

"ಹಾಗಾದ್ರೆ ಶನಿವಾರ ನಾನೇ ಬರ್ತೇನೆ. ಬಸ್ಸು ಫೈಝಲ್‌ಗೆ ಮಾರುವ ಅಂತ ಮಾತಾಡಿದ್ದೇನೆ. ಕೋಣೆ ರೆಡಿ ಉಂಟು. ಸಾಕು ಈ ಆಟ."

ಶನಿವಾರ ಬೆಳಿಗ್ಗೆ ನಾನು ಬಸ್ಸಿನ ಬಾಗಿಲು ತೆರೆದಾಗ ಮೆಟ್ಟಿಲಿನ ಎದುರು ಮರಳಿನ ಮೇಲೆ ಹತ್ತು ಡಬ್ಬಿಗಳು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಚೆನ್ನಾಗಿ ತೊಳೆದು, ಒರೆಸಿ ಇಟ್ಟಿದ್ದರು. ಒಳಗೆ ಒಂದು ಕಾಳೂ ಇರಲಿಲ್ಲ. ಅಜ್ಜಿ ಪ್ರತಿಯೊಂದನ್ನೂ ಎತ್ತಿ ಒಳಗೆ ನೋಡಿದಳು. ಕೊನೆಯದಕ್ಕೆ ಬಂದಾಗ ಅವಳ ಕೈ ತಡೆಯಿತು. ಮುಚ್ಚಳದ ಮೇಲೆ ಅಮ್ಮಣ್ಣಿ ಟೀಚರ್ ಅಂಟಿಸಿದ್ದ ಹೆಸರಿನ ಚೀಟಿ ಅರ್ಧ ಕಿತ್ತುಬಂದಿತ್ತು.

"ಇವಳೂ," ಎಂದಳು. ಮುಖ ತೊಳೆಯಲು ಹೋದಳು. ತುಂಬ ಹೊತ್ತು ನಲ್ಲಿ ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು. ನೀರಿನ ವಿಷಯದಲ್ಲಿ ಅಷ್ಟು ಬಿಗಿಯಾದವಳು ಅವಳು.

ಒಂಬತ್ತು ಗಂಟೆಗೆ ಗಾಫ್ ಮರದ ಕೆಳಗೆ ಕುರ್ಚಿ ಹಾಕಿ ಎಲ್ಲರೂ ಕೂತರು. ಪಪ್ಪ ಆಗಷ್ಟೇ ಬಂದು ಕಾರಿಗೆ ಒರಗಿ ನಿಂತಿದ್ದ. ರಾತ್ರಿ ನಿದ್ದೆ ಮಾಡದವನು, ಕಣ್ಣು ಕೆಂಪಾಗಿತ್ತು. ಸಾಲಿನ್ಸ್ ಸಣ್ಣದೊಂದು ಪ್ರಾರ್ಥನೆ ಮಾಡಿದರು. ಬಳಗದ ಶಾಂತಿ ಎಂಬ ಮಾತು ಅದರಲ್ಲಿ ಮೂರು ಸಲ ಬಂತು. ಆಮೇಲೆ, "ಶನಿವಾರದ ಊಟ ನಮ್ಮ ಸಾಲಿನಲ್ಲಿ ಮುಂದುವರಿಯಬೇಕು ಅನ್ನುವವರು ಕೈ ಎತ್ತಿ," ಎಂದರು.

ಯಾರ ಕೈಯೂ ಮೇಲೇಳಲಿಲ್ಲ. ಬಟ್ಟಲು ಹಿಡಿದು ಬಂದು ಉಂಡಿದ್ದ ಆ ಇಬ್ಬರು ಗಂಡಸರು ತಮ್ಮ ಚಪ್ಪಲಿ ನೋಡುತ್ತಿದ್ದರು.

"ಬೇಡ ಅನ್ನುವವರು?"

ಕೈಗಳು ಮೇಲೆದ್ದವು. ಕೆಲವು ಕಿವಿಯವರೆಗೆ, ಕೆಲವು ಹೆಗಲವರೆಗೆ. ಅಮ್ಮಣ್ಣಿ ಟೀಚರ್‌ರ ಕೈ ಸೆರಗಿನ ಒಳಗೇ ಸ್ವಲ್ಪ ಅಲುಗಾಡಿತು.

"ಅಮ್ಮಣ್ಣಿ, ಕೈ ಸರಿ ಎತ್ತು," ಅಜ್ಜಿ ಹೇಳಿದಳು. "ಕ್ಲಾಸಿನಲ್ಲಿ ಮಕ್ಕಳಿಗೆ ಬೈತಿದ್ದಿಯಲ್ಲ, ಕಳ್ಳರ ಹಾಗೆ ಎತ್ತಬೇಡಿ ಅಂತ?"

"ಎಮಿಲಿಯಾ, ನಿನಗೆ ನಿನ್ನದೇ ವೀಸಾ ಉಂಟು. ನಾನು ಮಗನ ಹೆಸರಲ್ಲಿ ಬಂದವಳು. ಅವನು ಸಾಲಿನ್ಸ್‌ರ ಅಳಿಯನ ಆಫೀಸಿನಲ್ಲಿ ಕೆಲಸಕ್ಕಿರುವುದು," ಎಂದರು ಟೀಚರ್.

"ಹಾಗೆ ಹೇಳು. ಭಯ ಅಂತ ಹೇಳು, ನನಗೆ ಅರ್ಥ ಆಗ್ತದೆ. ಶಾಂತಿ ಅಂತ ಹೇಳಬೇಡಿ." ಅಜ್ಜಿ ಕುರ್ಚಿಯಿಂದ ಎದ್ದಳು. "ಮೀಟಿಂಗ್ ಆಯ್ತಲ್ಲ? ನನಗೆ ಒಲೆ ಹಚ್ಚಲಿಕ್ಕುಂಟು."

"ಅಕ್ಕ, ನಾನು ಹೇಳಿದ್ದೇನೆ, ಹಚ್ಚಿದ್ರೆ ಹನ್ನೆರಡಕ್ಕೆ..."

"ಹನ್ನೆರಡಕ್ಕೆ ತಾನೇ? ಗಂಜಿ ಹತ್ತೂವರೆಗೆ ಬೇಯ್ತದೆ."

ಅವಳು ದೊಡ್ಡ ಪಾತ್ರೆಯಲ್ಲಿ ನೀರು ಇಟ್ಟಳು. ಸಿಂಕಿನ ಕೆಳಗಿನಿಂದ ತನ್ನ ಅಕ್ಕಿಯ ಡ್ರಮ್ ಎಳೆದು, ಇದ್ದಷ್ಟನ್ನೂ ಮೊರಕ್ಕೆ ಸುರಿದಳು. ಕುಚ್ಚಲಕ್ಕಿ, ತಿಂಗಳಿಗೆಂದು ತಂದದ್ದು, ಕೊನೆಯ ವಾರಕ್ಕಾಗುವಷ್ಟು ಉಳಿದಿತ್ತು. ಪಪ್ಪ ಬಾಗಿಲಿನಲ್ಲಿ ನಿಂತು ನೋಡಿದ.

"ಅಮ್ಮಾ, ಬಿಡು. ಇದೆಲ್ಲ ಯಾರಿಗೋಸ್ಕರ? ಬಾ ಮನೆಗೆ."

"ನಿನ್ನ ಮನೆಯಲ್ಲಿ ನನಗೆ ಕೆಲಸ ಎಂತ?"

"ಏನೂ ಇಲ್ಲ. ಟಿ.ವಿ. ಉಂಟು, ಎ.ಸಿ. ಉಂಟು, ಕೆಲಸದವಳಿದ್ದಾಳೆ. ನೀನು ಸುಮ್ಮನೆ ಕೂತಿರು. ಅದೇ ಸುಖ ಅಲ್ವಾ?"

"ಅದೇ ಭಯ ಮಗಾ," ಎಂದಳು ಅಜ್ಜಿ, ಕಲ್ಲು ಆರಿಸುತ್ತಾ. "ನಿನ್ನ ಅಪ್ಪ ಹೋದ ಮೇಲೆ ಒಂದು ತಿಂಗಳು ನಾನು ಆ ಕೋಣೆಯಲ್ಲಿ ಕೂತಿದ್ದೆ, ನೆನಪುಂಟಾ? ಪರದೆ ಚಂದ ಇತ್ತು. ಬೆಳಿಗ್ಗೆ ಎದ್ದು, ಇವತ್ತು ನಾನು ಏಳದಿದ್ರೆ ಯಾರಿಗೆ ತೊಂದರೆ ಅಂತ ಲೆಕ್ಕ ಹಾಕ್ತಿದ್ದೆ. ಯಾರಿಗೂ ಇಲ್ಲ. ನಿನಗೆ ದುಃಖ ಆಗ್ತಿತ್ತು, ಅದು ಬೇರೆ. ತೊಂದರೆ ಯಾರಿಗೂ ಇಲ್ಲ. ಇಲ್ಲಿ ನಾನು ಶನಿವಾರ ಏಳದಿದ್ರೆ ಆರು ಜನ ನಿಂತುಕೊಂಡು ತಿಂತಾರೆ. ಅಷ್ಟು ಸಾಕು ನನಗೆ. ಕರ್ತರು ಅದಕ್ಕಿಂತ ದೊಡ್ಡ ಕೆಲಸ ಕೊಟ್ಟರೆ ಅದನ್ನೂ ಮಾಡ್ತೇನೆ. ಕೊಡುವ ತನಕ ಇದು."

ಆ ತಿಂಗಳ ಬಗ್ಗೆ ಅವಳು ಮೊದಲ ಸಲ ಮಾತಾಡಿದ್ದು.

ಹತ್ತೂವರೆಗೆ ಟ್ಯಾಂಕರಿನವರು ಕೈ ತೊಳೆದು ಬಂದರು. ಸಾಲಿನಲ್ಲಿ ಒಂದೊಂದೇ ಬಾಗಿಲು ಮುಚ್ಚಿತು. ಹೊರಗೆ ಒಣಗಲು ಹಾಕಿದ್ದ ಬಟ್ಟೆಗಳನ್ನು ಕೂಡ ಒಳಗೆ ತೆಗೆದುಕೊಂಡರು, ಮರಳುಗಾಳಿ ಬಂದಂತೆ. ಗಂಜಿ ಆ ದಿನ ತೆಳ್ಳಗಿತ್ತು. ಒಬ್ಬಳ ಅಕ್ಕಿ ಎಷ್ಟು ಜನಕ್ಕೆ ಬರುತ್ತದೆ? ಪೇಶಾವರದ ಮುದುಕ ಮುಚ್ಚಿದ ಬಾಗಿಲುಗಳನ್ನೂ, ತನ್ನ ಬಟ್ಟಲಿನ ತಿಳಿಯನ್ನೂ ಒಮ್ಮೆ ನೋಡಿದ. ಚೀಲ ಬಿಚ್ಚಿ ತನ್ನ ಎರಡು ದೊಡ್ಡ ರೊಟ್ಟಿಗಳನ್ನು ತೆಗೆದು ಮುರಿದು, ಎಲ್ಲರ ಬಟ್ಟಲಿಗೂ ಒಂದೊಂದು ತುಂಡು ಹಾಕಿದ. ಅಜ್ಜಿಯ ಬಟ್ಟಲಿಗೂ.

ಪಪ್ಪ ಇನ್ನೂ ನಿಂತಿದ್ದ. ಅಜ್ಜಿ ಅವನ ಕೈಗೊಂದು ಬಟ್ಟಲು ಕೊಟ್ಟಳು. ಬೆಂಚಿನಲ್ಲಿ ಉಳಿದಿದ್ದದ್ದು ಒಂದೇ ಜಾಗ, ಹೊಲಸಿನ ಪೈಪು ಹಿಡಿಯುವವನ ಪಕ್ಕ. ಪಪ್ಪ ಆ ಜಾಗ ನೋಡಿದ, ತನ್ನ ಇಸ್ತ್ರಿ ಹಾಕಿದ ಪ್ಯಾಂಟು ನೋಡಿದ. ಆ ಮನುಷ್ಯ ತಾನೇ ಎದ್ದು ನಿಲ್ಲಲು ಹೊರಟ. ಅಜ್ಜಿ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದಳು.

"ಅವನು ಏಳುವುದಿಲ್ಲ ಪ್ರಿಯನ್. ನೀನು ಕೂರುವುದಿದ್ರೆ ಕೂರು, ಇಲ್ಲದಿದ್ರೆ ನಿಂತು ತಿನ್ನು. ನಿಂತು ತಿಂದು ನೋಡು ಒಂದು ಸಲ."

ಪಪ್ಪ ನಿಂತೇ ಎರಡು ತುತ್ತು ಉಂಡ. ಬಿಸಿ ಗಂಜಿ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ, ಅಂಗೈ ಸುಟ್ಟಿರಬೇಕು. ಮೂರನೆಯ ತುತ್ತಿಗೆ ಕೂತ. ಮಕ್ಕಳ ಸೀಟು ಅದು, ಅವನ ಮೊಣಕಾಲೂ ಎದೆಗೆ ಬಂತು. ಪಕ್ಕದವನು ಸರಿದು ಜಾಗ ಮಾಡಿ, ಮಾವಿನ ಮಿಡಿಯ ಭರಣಿಯನ್ನು ಅವನ ಕಡೆಗೆ ದೂಡಿದ.

ಶಾಹುಲ್ ಹಮೀದ್ ಕೈಯಲ್ಲಿ ಕಡತ ಹಿಡಿದು ಬಂದ. "ಅಮ್ಮಾ, ಸಾಲಿನ್ಸ್ ಸಾರ್ ಹೇಳಿದ್ದಾರೆ. ನಿಮ್ಮ ಸೈಟಿನ ಪೇಪರ್ ಕ್ಯಾನ್ಸಲ್ ಅಂತೆ. ನನಗೆ ಬೇಜಾರುಂಟು."

"ಬೇಜಾರು ಯಾಕೆ? ಊಟ ಮಾಡು. ಹಮೀದಾ, ಆ ಜನರೇಟರಿನ ಆಚೆ, ಟ್ಯಾಂಕರ್ ನಿಲ್ಲಿಸ್ತಾರಲ್ಲ, ಅದರ ಪಕ್ಕದ ಜಾಗ ಯಾರದ್ದು?"

"ಅದಾ? ಅದು ಯಾರದ್ದೂ ಅಲ್ಲ. ಸದ್ದು, ವಾಸನೆ. ಅರ್ಧ ಬಾಡಿಗೆಗೆ ಕೊಡ್ತೇವೆ ಅಂದ್ರೂ ಯಾರು ಬರ್ತಾರೆ?"

"ಸಾಲಿನ್ಸ್‌ರ ಗುತ್ತಿಗೆಯಲ್ಲಿ ಬರ್ತದಾ?"

"ಇಲ್ಲ. ಅವರದ್ದು ಈ ಹನ್ನೊಂದು ಮಾತ್ರ. ಅದು ಕಂಪೆನಿಯ ಕೈಯಲ್ಲುಂಟು." ಹೇಳುತ್ತಾ ಹೇಳುತ್ತಾ ಹಮೀದನ ಬಾಯಿ ತೆರೆದೇ ಉಳಿಯಿತು. "ಯಾ ಅಲ್ಲಾ. ಅಮ್ಮಾ, ಬೇಡ."

"ಪೇಪರ್ ತೆಗೆ. ಮಾರ್ಚ್‌ವರೆಗೆ ನನ್ನ ಹೆಸರು ಬರಿ."

ಪಪ್ಪ ಬಟ್ಟಲು ಕೆಳಗಿಟ್ಟ. "ಅಮ್ಮಾ! ಜನ ಏನಂತಾರೆ? ಮಗ ಅಬುಧಾಬಿಯಲ್ಲಿ ಫ್ಲ್ಯಾಟ್ ಇಟ್ಟುಕೊಂಡು ತಾಯಿಯನ್ನು ಹೊಲಸಿನ ಟ್ಯಾಂಕರ್ ಪಕ್ಕ ಬಿಟ್ಟ ಅಂತಾರೆ."

"ಬಿಟ್ಟ ಅಂತ ಹೇಳಿದ್ರೆ ತಿದ್ದು. ಅವಳೇ ಹೋದಳು ಅಂತ ಹೇಳು. ಸ್ಟೇರಿಂಗ್ ಅವಳ ಕೈಯಲ್ಲೇ ಇತ್ತು ಅಂತ ಹೇಳು."

ಅಜ್ಜಿ ಸಹಿ ಹಾಕಿದಳು. ಬಟ್ಟಲುಗಳನ್ನು ತೊಳೆದು ಕಪಾಟಿಗೆ ಸೇರಿಸಿ, ಪಾತ್ರೆ ಉರುಳದಂತೆ ಬಟ್ಟೆ ಸುತ್ತಿ ಕಟ್ಟಿದಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಡ್ರೈವರ್ ಸೀಟಿಗೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಲಿ ತಿರುಗಿಸಿದಳು. ಆರು ವಾರ ನಿಂತಿದ್ದ ಎಂಜಿನು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಇಡೀ ಸಾಲಿನ ಕಿಟಕಿಗಳು ನಡುಗುವಂತೆ ಗುಡುಗಿತು. ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು. ನಾನು ಅವಳ ಪಕ್ಕ ಕಂಬಿ ಹಿಡಿದು ನಿಂತಿದ್ದೆ.

ಸಾಲಿನ್ಸ್ ದಾರಿಯ ಬದಿಯಲ್ಲಿ ನಿಂತು, ಟ್ರಾಫಿಕ್ ಪೊಲೀಸನಂತೆ ಬಲಗಡೆಗೆ, ಹೆದ್ದಾರಿಯ ಗೇಟಿನ ಕಡೆಗೆ ಕೈ ತೋರಿಸುತ್ತಿದ್ದರು. ಅಜ್ಜಿ ಅವರಿಗೆ ತಲೆಬಾಗಿ ನಮಸ್ಕರಿಸಿ, ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿಸಿದಳು.

ಬಸ್ಸು ಉಳಿದ ಹತ್ತು ಕ್ಯಾರವಾನುಗಳ ಎದುರಿನಿಂದಲೇ ಹೋಗಬೇಕಿತ್ತು. ಅವಳು ಅವಸರ ಮಾಡಲಿಲ್ಲ. ಮರಳಿನಲ್ಲಿ ಗೇರು ಹೇಗೆ ಇಳಿಸಬೇಕೆಂದು ಅಜ್ಜ ಕಲಿಸಿದ್ದನೋ, ಅವಳೇ ಕಲಿತಳೋ, ಚಕ್ರ ಒಂದು ಕಡೆಯೂ ಜಾರಲಿಲ್ಲ. ಹಿಂದೆ ಪೇಶಾವರದ ಮುದುಕ ಮತ್ತು ಅವನ ಜೊತೆಯವರು ಬೆಂಚುಗಳನ್ನು ತಲೆಯ ಮೇಲೆ ಹೊತ್ತು ನಡೆದು ಬರುತ್ತಿದ್ದರು. ಅವರ ಹಿಂದೆ, ಒಂದು ಬೆಂಚಿನ ಒಂದು ತುದಿ ಹಿಡಿದು, ಪಪ್ಪ. ಅವನ ಮುಖ ಇನ್ನೂ ಸಿಟ್ಟಿನಲ್ಲೇ ಇತ್ತು. ಆದರೆ ಬೆಂಚು ಬಿಡಲಿಲ್ಲ.

ಜನರೇಟರಿನ ಆಚೆ ನಿಜವಾಗಿಯೂ ವಾಸನೆಯಿತ್ತು. ನಾನು ದುಪಟ್ಟಾ ಮೂಗಿಗೆ ಹಿಡಿದೆ. ಅಜ್ಜಿ ಎರಡು ಸಲ ಹಿಂದೆ ಮುಂದೆ ಮಾಡಿ, ಬಸ್ಸಿನ ಬಾಗಿಲು ಟ್ಯಾಂಕರುಗಳಿಗೆ ಸರಿಯಾಗಿ ಎದುರಾಗುವಂತೆ ನಿಲ್ಲಿಸಿ, ಬ್ರೇಕು ಎಳೆದಳು. ದೂರದಲ್ಲಿ ಸಾಲಿನ ತುದಿಗೆ ಅಮ್ಮಣ್ಣಿ ಟೀಚರ್ ಒಬ್ಬರೇ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಿದ್ದರು.

"ಕರೀಲಾ ಅಜ್ಜಿ?"

"ಬೇಡ. ಕಾಲು ಅವಳದ್ದು, ದಾರಿ ಅವಳಿಗೆ ಗೊತ್ತುಂಟು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಾಲಿನ್ಸ್. ಅಜ್ಜಿ ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲಿಟ್ಟಳು.

"ಎಮಿಲಿಯಕ್ಕ, ಇದು ಹಟ. ಶುದ್ಧ ಹಟ. ಆ ಕಡೆ ಮನುಷ್ಯರು ಇರ್ಲಿಕ್ಕಾಗ್ತದಾ? ಗಾಳಿ ತಿರುಗಿದ್ರೆ ನಿಮಗೆ ಉಸಿರಾಡ್ಲಿಕ್ಕೆ ಆಗುವುದಿಲ್ಲ."

"ಮನುಷ್ಯರು ಇದ್ದಾರೆ ಸಾಲಿನ್ಸ್ರೇ. ಆರು ಜನ. ಇವತ್ತಿಂದ ಏಳು," ಎಂದಳು ಅಜ್ಜಿ. "ಶನಿವಾರ ಹತ್ತೂವರೆಗೆ. ಪುರುಸೊತ್ತಾದ್ರೆ ನೀವೂ ಬನ್ನಿ. ಮೂಗು ಮನೆಯಲ್ಲಿ ಬಿಟ್ಟು ಬನ್ನಿ."

ಫೋನು ಇಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಪಪ್ಪನನ್ನು ಕೂಗಿದಳು. "ಪ್ರಿಯನ್, ಬೆಂಚು ಆಮೇಲೆ! ಮೊದಲು ಚಕ್ರಕ್ಕೆ ಒಂದು ಕಲ್ಲು ಕೊಡು ಮಾರಾಯ!"